ನೋವು ಇಳಿಸುವ ವಿದ್ಯೆ: ಬಗ್ದಾದಿನಿಂದ ಬೈಲಹೊಂಗಲದವರೆಗೆ

ರೋಗಿಯನ್ನು ಹೋಗಿ ನೋಡುವುದು ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬ ಮುಸ್ಲಿಮನಿಗಿರುವ ಹಕ್ಕು. ಮಸೀದಿಯ ಇಮಾಮನಿಗೆ ಅದು ದಿನದ ಕೆಲಸವೂ ಹೌದು. ದೊಡವಾಡದಂಥ ಊರುಗಳಲ್ಲಿ ಬಾಯಿಯ ಕ್ಯಾನ್ಸರ್, ಗಂಟಲಿನ ಕ್ಯಾನ್ಸರ್, ಗರ್ಭಕೋಶದ ಕ್ಯಾನ್ಸರ್ ಆದವರು ಬೈಲಹೊಂಗಲ, ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಎಂದು ದವಾಖಾನೆಗಳನ್ನು ತಿರುಗಿ, ಕೊನೆಗೊಂದು ದಿನ ಮನೆಗೆ ಮರಳುತ್ತಾರೆ. ಇನ್ನು ಮಾಡುವಂಥದ್ದು ಏನೂ ಇಲ್ಲ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ ಎಂಬ ಮಾತನ್ನು ಕೇಳಿಕೊಂಡೇ ಅವರು ಬಂದಿರುತ್ತಾರೆ. ಆಮೇಲೆ ಉಳಿಯುವುದು ಬೇನೆ. ರಾತ್ರಿಯಿಡೀ ನರಳುವ ತಂದೆ, ಬಾಗಿಲ ಹೊರಗೆ ಕಿವಿ ಮುಚ್ಚಿಕೊಂಡು ಕುಳಿತ ಮಗ, ಒಳಗೆ ಯಾಸೀನ್ ಓದುತ್ತಿರುವ ತಾಯಿ. ಇಂಥ ಮನೆಯನ್ನು ನೋಡದ ಮೊಹಲ್ಲಾ ನಮ್ಮಲ್ಲಿ ಇಲ್ಲ.

ಇಂಥ ಮನೆಯವರು ಸಾಮಾನ್ಯವಾಗಿ ಇಮಾಮರನ್ನು ಒಂದೇ ಪ್ರಶ್ನೆ ಕೇಳುತ್ತಾರೆ: ಈ ನೋವಿಗೆ ಔಷಧವೇ ಇಲ್ಲವೇ? ಔಷಧ ಇದೆ. ಇನ್ನೂರು ವರ್ಷಗಳಿಂದ ಇದೆ. ಅದರ ಕಚ್ಚಾ ಸಾಮಗ್ರಿ ನಮ್ಮ ದೇಶದ ಹೊಲಗಳಲ್ಲೇ ಬೆಳೆಯುತ್ತದೆ. ಬೆಲೆಯೂ ಹೆಚ್ಚಲ್ಲ. ಹಾಗಾದರೆ ಅದು ಈ ಮನೆಯ ತನಕ ಏಕೆ ಬರಲಿಲ್ಲ? ಉತ್ತರಕ್ಕಾಗಿ ಇತಿಹಾಸವನ್ನು ನೋಡಬೇಕು. ನೋಡಿದರೆ ತಿಳಿಯುವುದು ಇಷ್ಟು: ಕೊರತೆಯಾಗಿರುವುದು ಔಷಧಕ್ಕಿಂತ ಹೆಚ್ಚಾಗಿ ಅದನ್ನು ಕೊಡಲು ಕಲಿತ ಕೈಗಳದ್ದು. ಆ ವಿದ್ಯೆ ಒಂದು ಕಾಲದಲ್ಲಿ ಇತ್ತು, ಒಂದು ತಲೆಮಾರಿನಲ್ಲಿ ಮರೆತುಹೋಯಿತು, ಈಗ ಮತ್ತೆ ಕಲಿಸಬೇಕಾಗಿದೆ.

ಹಕೀಮರಿಗೂ ಪರೀಕ್ಷೆ

ವೈದ್ಯ ತಿಳಿಯದವನು ವೈದ್ಯ ಮಾಡಿ ರೋಗಿಗೆ ಹಾನಿಯಾದರೆ ಅದಕ್ಕೆ ಅವನೇ ಹೊಣೆ ಎಂಬ ಅರ್ಥದ ಪ್ರವಾದಿ(ಸ) ವಚನ ಅಬೂದಾವೂದ್, ನಸಾಈ ಮತ್ತು ಇಬ್ನು ಮಾಜಾ ಸಂಗ್ರಹಗಳಲ್ಲಿದೆ. ವೈದ್ಯನ ಅಜ್ಞಾನಕ್ಕೆ ರೋಗಿ ಬೆಲೆ ತೆರಬಾರದು ಎಂಬುದು ಇದರ ತಿರುಳು. ಇದು ಉಪದೇಶವಾಗಿಯಷ್ಟೇ ಉಳಿಯಲಿಲ್ಲ.

ಕ್ರಿ.ಶ. 931ರಲ್ಲಿ, ಅಂದರೆ ಹಿಜರಿ 319ರಲ್ಲಿ, ಬಗ್ದಾದಿನಲ್ಲಿ ಒಬ್ಬ ಸಾಮಾನ್ಯ ಮನುಷ್ಯ ವೈದ್ಯನ ತಪ್ಪಿನಿಂದ ಸತ್ತ. ಈ ಸುದ್ದಿ ಖಲೀಫ ಅಲ್‌ ಮುಕ್ತದಿರ್‌ಗೆ ಮುಟ್ಟಿತು. ಇನ್ನು ಮುಂದೆ ಸಿನಾನ್ ಇಬ್ನು ಸಾಬಿತ್ ಪರೀಕ್ಷಿಸಿ ಒಪ್ಪಿಗೆ ಪತ್ರ ಕೊಡದ ಯಾರೂ ವೈದ್ಯ ಮಾಡಕೂಡದು ಎಂದು ಖಲೀಫ ಆಜ್ಞೆ ಮಾಡಿದರು. ಹೆಸರುವಾಸಿಯಾದವರನ್ನೂ ಅರಮನೆಯ ವೈದ್ಯರನ್ನೂ ಬಿಟ್ಟು, ಬಗ್ದಾದ್ ಒಂದರಲ್ಲೇ 860ಕ್ಕೂ ಹೆಚ್ಚು ಜನ ಪರೀಕ್ಷೆಗೆ ಕುಳಿತರೆಂದು ಇತಿಹಾಸಕಾರರು ಬರೆದಿದ್ದಾರೆ.

ಇದಕ್ಕೆ ಸೇರಿದ ಒಂದು ಪ್ರಸಂಗವನ್ನೂ ಅವರು ದಾಖಲಿಸಿದ್ದಾರೆ. ಗಂಭೀರ ವೇಷದ ಒಬ್ಬ ಮುದುಕ ಸಿನಾನರ ಬಳಿ ಬಂದ. ಓದು ಬರಹ ಬಾರದು, ಆದರೆ ಈ ಕಸುಬಿನಿಂದಲೇ ಸಂಸಾರ ನಡೆಯಬೇಕು ಎಂದು ಬೇಡಿಕೊಂಡ. ಸಿನಾನ್ ಷರತ್ತು ಹಾಕಿ ಬಿಟ್ಟರು: ತಿಳಿಯದ ರೋಗಕ್ಕೆ ಕೈ ಹಾಕಬಾರದು, ಸಣ್ಣಪುಟ್ಟ ಕಾಯಿಲೆ ಬಿಟ್ಟು ಬೇರೆಯದಕ್ಕೆ ರಕ್ತ ತೆಗೆಯುವುದು, ಭೇದಿಗೆ ಕೊಡುವುದು ಮಾಡಬಾರದು. ಮರುದಿನ ಒಬ್ಬ ಯುವಕ ಬಂದ. ಯಾರ ಬಳಿ ಕಲಿತೆ ಎಂದು ಕೇಳಿದರೆ, ನಿನ್ನೆ ಬಂದಿದ್ದ ಮುದುಕನೇ ನನ್ನ ತಂದೆ, ಅವರೇ ನನ್ನ ಗುರು ಎಂದ. ಸಿನಾನ್ ನಕ್ಕು, ಹಾಗಾದರೆ ಷರತ್ತೂ ಅದೇ ಎಂದರಂತೆ. ಕಲಿಯದವನ ಬಳಿ ಕಲಿತರೆ ಅಜ್ಞಾನವೇ ಪಿತ್ರಾರ್ಜಿತ ಆಸ್ತಿಯಾಗುತ್ತದೆ. ಈ ಮಾತು ಮುಂದೆಯೂ ನೆನಪಿಗೆ ಬರಲಿದೆ.

ನೋವನ್ನೇ ಒಂದು ವಿಷಯವಾಗಿ ಅಭ್ಯಾಸ ಮಾಡಿದವರಲ್ಲಿ ಇಬ್ನು ಸೀನಾ ದೊಡ್ಡವರು. ಹನ್ನೊಂದನೆಯ ಶತಮಾನದ ಅವರ 'ಅಲ್‌ ಖಾನೂನ್' ಗ್ರಂಥದಲ್ಲಿ ನೋವನ್ನು 15 ಬಗೆಗಳಾಗಿ ವಿಂಗಡಿಸಿದ್ದಾರೆ. ಚುಚ್ಚುವ ನೋವು, ಬಡಿಯುವ ನೋವು, ಭಾರವೆನಿಸುವ ನೋವು ಇವೆಲ್ಲ ಬೇರೆ ಬೇರೆ, ಕಾರಣವೂ ಬೇರೆ. ಮರಗಟ್ಟಿಸುವ ಔಷಧಗಳಲ್ಲಿ ಅಫೀಮು ಎಲ್ಲಕ್ಕಿಂತ ಬಲವಾದದ್ದು ಎಂದು ಹೇಳಿ, ಅದನ್ನು ಎಚ್ಚರಿಕೆಯಿಂದ ಬಳಸಬೇಕೆಂದೂ ಹೇಳಿದ್ದಾರೆ. ಕೇಳು, ಬಗೆ ತಿಳಿ, ಆಮೇಲೆ ಔಷಧ ಕೊಡು ಎಂಬ ಕ್ರಮ ಇಂದಿಗೂ ಬದಲಾಗಿಲ್ಲ.

ನಮ್ಮ ನಾಡಿಗೂ ಈ ಪರಂಪರೆಯಲ್ಲಿ ಪಾಲಿದೆ. ಬಹಮನಿ ಸುಲ್ತಾನ ಎರಡನೆಯ ಅಲಾಉದ್ದೀನ್ ಅಹ್ಮದ್ (ಆಳ್ವಿಕೆ 1436ರಿಂದ 1458) ಬೀದರಿನಲ್ಲಿ ದಾರುಶ್ಶಿಫಾ ಕಟ್ಟಿಸಿ, ಅದರ ಖರ್ಚಿಗೆ ಹಳ್ಳಿಗಳ ಆದಾಯವನ್ನು ವಕ್ಫ್ ಮಾಡಿದರು. ಹಿಂದೂ ವೈದ್ಯರು, ಮುಸ್ಲಿಮ್ ಹಕೀಮರು ಇಬ್ಬರೂ ಅಲ್ಲಿ ನೇಮಕಗೊಂಡಿದ್ದರು. ಇದನ್ನು ಬರೆದಿಟ್ಟ ಇತಿಹಾಸಕಾರ ಫಿರಿಶ್ತಾ ಇದ್ದದ್ದು ವಿಜಯಪುರದಲ್ಲಿ, ನಮ್ಮ ಬೆಳಗಾವಿ ಸೀಮೆಯನ್ನೂ ಆಳಿದ ಆದಿಲ್‌ಶಾಹಿಗಳ ಆಸ್ಥಾನದಲ್ಲಿ. ಇತಿಹಾಸಕಾರನೆಂದು ಹೆಸರಾದ ಫಿರಿಶ್ತಾ ವೈದ್ಯದ ಮೇಲೂ ಒಂದು ಪುಸ್ತಕ ಬರೆದರೆಂದು ಬಹಳ ಜನರಿಗೆ ಗೊತ್ತಿಲ್ಲ. 'ದಸ್ತೂರುಲ್ ಅತಿಬ್ಬಾ' ಅದರ ಹೆಸರು. ಯೂನಾನಿ ಓದಿದ ಮುಸ್ಲಿಮ್ ಹಕೀಮರಿಗೆ ಈ ನೆಲದ ವೈದ್ಯ ತಿಳಿದಿರಲಿಲ್ಲ; ಅದನ್ನು ಅವರಿಗೆ ತಿಳಿಸುವುದೇ ಪುಸ್ತಕದ ಉದ್ದೇಶ. ಕಸುಬಿಗೆ ಇಳಿದ ಮೇಲೂ ವೈದ್ಯ ಕಲಿಯುತ್ತಿರಬೇಕು ಎಂಬ ಮಾತು ಹೊರಗಿನಿಂದ ಬಂದದ್ದಲ್ಲ. ವಿಜಯಪುರದಲ್ಲೇ ಅದಕ್ಕೆ ಪುಸ್ತಕ ಬರೆಯಲಾಗಿತ್ತು.

ಅಫೀಮಿನಿಂದ ಮಾರ್ಫಿನ್, ಕಾಯ್ದೆಯಿಂದ ಮರೆವು

1805ರ ಸುಮಾರಿಗೆ ಜರ್ಮನಿಯ ಔಷಧ ತಯಾರಕ ಸೆರ್ಟರ್ನರ್ ಅಫೀಮಿನಿಂದ ನೋವು ಇಳಿಸುವ ಸಾರವನ್ನು ಬೇರ್ಪಡಿಸಿದರು. ಅದೇ ಮಾರ್ಫಿನ್. ಅಫೀಮಿನ ಉಂಡೆಯಲ್ಲಿ ಬಲ ಎಷ್ಟಿದೆ ಎಂದು ಹೇಳಲು ಬರುತ್ತಿರಲಿಲ್ಲ. ಮಾರ್ಫಿನ್‌ನಲ್ಲಿ ಮಿಲಿಗ್ರಾಂ ಲೆಕ್ಕ ಬಂತು. ಭಾರತ ಇಂದಿಗೂ ಸರಕಾರದ ಪರವಾನಗಿಯಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಅಫೀಮು ಬೆಳೆಯುತ್ತದೆ. ಘಾಜಿಪುರ ಮತ್ತು ನೀಮಚ್‌ನಲ್ಲಿ ಸರಕಾರದ್ದೇ ಕಾರ್ಖಾನೆಗಳಿವೆ. ಹೊರದೇಶಗಳ ನೋವಿನ ಔಷಧಕ್ಕೆ ಇಲ್ಲಿಂದ ಅಫೀಮು ಹೋಗುತ್ತದೆ.

1985ರಲ್ಲಿ ಮಾದಕ ವಸ್ತುಗಳ ವಿರುದ್ಧ ಎನ್‌ಡಿಪಿಎಸ್ ಕಾಯ್ದೆ ಬಂತು. ಯುವಕರನ್ನು ನಶೆಯಿಂದ ಉಳಿಸುವ ಉದ್ದೇಶ ಒಳ್ಳೆಯದೇ. ಆದರೆ ಅದರ ನಿಯಮಗಳಲ್ಲಿ ದವಾಖಾನೆಯ ಮಾರ್ಫಿನ್ ಕೂಡ ಸಿಕ್ಕಿಬಿತ್ತು. ಇಟ್ಟುಕೊಳ್ಳಲು ಒಂದು ಪರವಾನಗಿ, ಬೇರೆ ರಾಜ್ಯದಿಂದ ತರಲು ಒಂದು, ಸಾಗಿಸಲು ಒಂದು, ಹೀಗೆ ನಾಲ್ಕೈದು ಕಾಗದ. ಎಲ್ಲವೂ ಒಂದೇ ಸಮಯಕ್ಕೆ ಚಾಲ್ತಿಯಲ್ಲಿರಬೇಕು. ಕೊನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ತಪ್ಪಾದರೆ ಜೈಲು, ಶಿಕ್ಷೆ ಹತ್ತು ವರ್ಷಗಳವರೆಗೂ ಹೋಗುತ್ತಿತ್ತು. ದವಾಖಾನೆಗಳು, ಔಷಧಿ ಅಂಗಡಿಗಳು ಮಾರ್ಫಿನ್ ತರಿಸುವುದನ್ನೇ ಬಿಟ್ಟವು.

ಪರಿಣಾಮ ಅಂಕಿಯಲ್ಲಿದೆ. 1985ರಿಂದ 1997ರ ನಡುವೆ ಭಾರತದಲ್ಲಿ ವೈದ್ಯಕೀಯ ಮಾರ್ಫಿನ್ ಬಳಕೆ ಶೇ. 97ರಷ್ಟು ಕುಸಿದು ವರ್ಷಕ್ಕೆ 18 ಕಿಲೋಗೆ ಇಳಿಯಿತು. ಒಬ್ಬ ಕ್ಯಾನ್ಸರ್ ರೋಗಿಗೆ ದಿನಕ್ಕೆ 60 ಮಿಲಿಗ್ರಾಂನಂತೆ ಮೂರು ತಿಂಗಳು ಬೇಕಾದೀತೆಂದು ಹಿಡಿಯಿರಿ. 18 ಕಿಲೋ ಹೆಚ್ಚೆಂದರೆ 3,300 ಜನರಿಗೆ ಸಾಕಾಗುತ್ತದೆ. ಆಗ ದೇಶದ ಜನಸಂಖ್ಯೆ 90 ಕೋಟಿ ದಾಟಿತ್ತು.

ಕಾಯ್ದೆಯಿಂದಾದ ಹಾನಿ ಇಷ್ಟಕ್ಕೇ ನಿಲ್ಲಲಿಲ್ಲ. ಔಷಧ ಕಪಾಟಿನಲ್ಲಿ ಇಲ್ಲವೆಂದ ಮೇಲೆ ಅದನ್ನು ಕೊಡುವ ರೀತಿಯನ್ನು ಕಲಿಸುವವರು ಯಾರು? ಆ ವರ್ಷಗಳಲ್ಲಿ ಎಂಬಿಬಿಎಸ್ ಓದಿದ ಬಹುಪಾಲು ವೈದ್ಯರು ಮಾರ್ಫಿನ್ ಗುಳಿಗೆಯನ್ನು ಕಣ್ಣಿನಿಂದಲೂ ನೋಡದೆ ಪದವಿ ಪಡೆದರು. ಅವರೇ ಮುಂದೆ ಗುರುಗಳಾದರು. ತಾವು ನೋಡದ್ದನ್ನು ಅವರು ಶಿಷ್ಯರಿಗೆ ತೋರಿಸುವುದು ಹೇಗೆ? ಬಗ್ದಾದಿನ ಮುದುಕ ಮತ್ತು ಮಗನ ಕಥೆಯೇ ಇಲ್ಲಿಯೂ ನಡೆಯಿತು. ಕೇವಲ ಒಂದು ವ್ಯತ್ಯಾಸ: ಇವರೆಲ್ಲ ಚೆನ್ನಾಗಿ ಓದಿದವರು, ಆದರೆ ಈ ಒಂದು ಪಾಠ ಮಾತ್ರ ಯಾರ ಪುಸ್ತಕದಲ್ಲೂ ಇರಲಿಲ್ಲ. 2009ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ಬಗ್ಗೆ ವರದಿ ಹೊರಡಿಸಿದಾಗ, ಸರಕಾರದ ನೆರವಿನ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳಲ್ಲೇ ಅರ್ಧಕ್ಕಿಂತ ಹೆಚ್ಚು ಕಡೆ ನೋವಿನ ಚಿಕಿತ್ಸೆಯ ವ್ಯವಸ್ಥೆ ಇಲ್ಲ ಎಂದು ಕಂಡುಬಂತು.

ಮತ್ತೆ ಕಲಿಸಲು ಹೊರಟವರು

1967ರಲ್ಲಿ ಲಂಡನಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬ ಮಹಿಳೆ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮ ತೆರೆದರು. ಅವರು ಮೊದಲು ನರ್ಸ್, ಆಮೇಲೆ ಸಮಾಜ ಸೇವಕಿ, ಕೊನೆಗೆ ವೈದ್ಯೆ. ಸಾಯುವ ಮನುಷ್ಯನ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಸಂಸಾರದ ಚಿಂತೆಯದು, ಆತ್ಮದ ಕಳವಳದ್ದೂ ಹೌದು ಎಂದು ಕಲಿಸಿದವರು ಅವರು. ನೋವು ಬಂದ ಮೇಲೆ ಸೂಜಿ ಚುಚ್ಚುವ ಬದಲು, ನೋವು ಮರಳುವ ಮೊದಲೇ ಹೊತ್ತಿಗೆ ಸರಿಯಾಗಿ ಮಾರ್ಫಿನ್ ಕೊಡುವ ಪದ್ಧತಿಯನ್ನು ಅವರು ಬಳಕೆಗೆ ತಂದರು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಕ್ರಮವನ್ನು ಪ್ರಕಟಿಸಿತು: ಸಣ್ಣ ನೋವಿಗೆ ಪ್ಯಾರಾಸಿಟಮಾಲ್‌ನಂಥದ್ದು, ಮಧ್ಯಮ ನೋವಿಗೆ ಕೊಡೀನ್‌ನಂಥದ್ದು, ತೀವ್ರ ನೋವಿಗೆ ಮಾರ್ಫಿನ್. ಬಾಯಿಯ ಮೂಲಕ, ಗಡಿಯಾರ ನೋಡಿಕೊಂಡು, ಮೆಟ್ಟಿಲು ಏರಿದಂತೆ.

ನಮ್ಮ ನೆರೆಯ ಕೇರಳದಲ್ಲಿ ಇದನ್ನು ಹಿಡಿದು ನಡೆದವರು ಅರಿವಳಿಕೆ ತಜ್ಞ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು. 1993ರಲ್ಲಿ ಕೋಝಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ ಅವರು ನೋವು ಮತ್ತು ಉಪಶಾಮಕ ಆರೈಕೆಯ ಸಂಘ ಕಟ್ಟಿದರು. ರೋಗಿಗಳನ್ನು ನೋಡುವುದರ ಜೊತೆಗೆ ಬೇರೆ ಊರಿನ ವೈದ್ಯರಿಗೆ, ನರ್ಸ್‌ಗಳಿಗೆ ತರಬೇತಿ ಕೊಡುವುದೂ ಅವರ ಕೆಲಸವಾಯಿತು. 1994ರಲ್ಲಿ ಭಾರತೀಯ ಉಪಶಾಮಕ ಆರೈಕೆ ಸಂಘ ಹುಟ್ಟಿತು. ಕೆಲಸದಲ್ಲಿರುವ ವೈದ್ಯರು, ನರ್ಸ್‌ಗಳು ಸೇರಬಹುದಾದ ಪ್ರಮಾಣಪತ್ರದ ಕೋರ್ಸನ್ನು ಮುಂದೆ ಅದು ನಡೆಸುತ್ತ ಬಂದಿದೆ. 2003ರಲ್ಲಿ ರಾಜಗೋಪಾಲ್ ತಿರುವನಂತಪುರದಲ್ಲಿ ಪಾಲಿಯಂ ಇಂಡಿಯಾ ಸ್ಥಾಪಿಸಿದರು.

ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದದ್ದು ಮಲಪ್ಪುರಂ. ಮುಸ್ಲಿಮರು ಬಹುಸಂಖ್ಯೆಯಲ್ಲಿರುವ ಈ ಜಿಲ್ಲೆಯಲ್ಲಿ 2001ರ ಸುಮಾರಿಗೆ ನೆರೆಹೊರೆಯ ಆರೈಕೆ ಜಾಲ ಆರಂಭವಾಯಿತು. ಅಂಗಡಿಯವರು, ಶಿಕ್ಷಕರು, ಕೂಲಿಕಾರರು, ವಿದ್ಯಾರ್ಥಿಗಳು 16 ಗಂಟೆಗಳ ಪಾಠ ಮುಗಿಸಿ, ತರಬೇತಾದ ನರ್ಸ್ ಜೊತೆ ಮನೆಮನೆಗೆ ಹೋದರು. ಖರ್ಚಿನ ಬಹುಪಾಲು ಊರವರ ಸಣ್ಣ ಸಣ್ಣ ದೇಣಿಗೆಯಿಂದಲೇ ನಡೆಯಿತು. 2008ರಲ್ಲಿ ಕೇರಳ ಸರಕಾರ ಇದಕ್ಕಾಗಿ ನೀತಿಯನ್ನೇ ರೂಪಿಸಿತು.

ಕರ್ನಾಟಕದಲ್ಲಿಯೂ ಕೆಲಸ ನಡೆದಿದೆ. ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಸಚಿವರಾಗಿದ್ದ ರಫೀ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ನಮ್ಮ ಭಾಗದ ಬಡವರು ಇಂದಿಗೂ ಹೋಗುತ್ತಾರೆ. 1994ರಲ್ಲಿ ರಚನೆಯಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ 1999ರಿಂದ ಕರುಣಾಶ್ರಯದಲ್ಲಿ, ಗುಣವಾಗದ ಹಂತಕ್ಕೆ ಬಂದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಆದರೆ ಇವೆರಡೂ ಬೆಂಗಳೂರಿನಲ್ಲಿವೆ. ಮಲಪ್ರಭೆಯ ದಂಡೆಯ ಹಳ್ಳಿಯಲ್ಲಿ ಹಾಸಿಗೆ ಹಿಡಿದವನಿಗೆ ಬೆಂಗಳೂರು ಬಹಳ ದೂರ. ಅವನಿಗೆ ಬೇಕಾದದ್ದು ಬೈಲಹೊಂಗಲದ ತಾಲೂಕು ದವಾಖಾನೆಯಲ್ಲಿ ಒಬ್ಬ ತರಬೇತಾದ ವೈದ್ಯ, ಊರಿನ ಆರೋಗ್ಯ ಕೇಂದ್ರದಲ್ಲಿ ಒಬ್ಬ ತರಬೇತಾದ ನರ್ಸ್.

ಕಾಯ್ದೆಯೇ ಈಗ ತರಬೇತಿ ಕೇಳುತ್ತದೆ

ವರ್ಷಗಟ್ಟಲೆ ಪ್ರಯತ್ನದ ಬಳಿಕ 2014ರಲ್ಲಿ ಸಂಸತ್ತು ಎನ್‌ಡಿಪಿಎಸ್ ಕಾಯ್ದೆಯನ್ನು ತಿದ್ದಿತು. ಅಗತ್ಯ ಮಾದಕ ಔಷಧಗಳು ಎಂಬ ಹೊಸ ವರ್ಗ ಬಂತು. 2015ರ ಮೇ ತಿಂಗಳಿನ ನಿಯಮಗಳಲ್ಲಿ ಮಾರ್ಫಿನ್, ಫೆಂಟಾನಿಲ್, ಮೆಥಡೋನ್ ಸೇರಿ ಆರು ಔಷಧಗಳು ಈ ವರ್ಗಕ್ಕೆ ಬಂದವು. ನಾಲ್ಕೈದು ಪರವಾನಗಿಗಳ ಬದಲು ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಸಾಕು. ಆ ಮಾನ್ಯತೆ ಸಿಗಬೇಕಾದರೆ ದವಾಖಾನೆಯಲ್ಲಿ ನೋವು ನಿವಾರಣೆ ಮತ್ತು ಉಪಶಾಮಕ ಆರೈಕೆಯಲ್ಲಿ ತರಬೇತಿ ಪಡೆದ ಒಬ್ಬ ವೈದ್ಯನಾದರೂ ಇರಬೇಕು.

ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿರಿ. ಹಿಂದೆ ಬೀಗ ಕಾಯ್ದೆಯದ್ದಾಗಿತ್ತು. ಈಗ ಬೀಗದ ಕೈ ತರಬೇತಿಯ ಬಳಿ ಇದೆ. ಕಲಿತ ವೈದ್ಯನಿದ್ದಲ್ಲಿ ಮಾರ್ಫಿನ್ ಬರಬಲ್ಲದು. ಕಲಿತವರಿಲ್ಲದ ತಾಲೂಕಿಗೆ ಕಾಯ್ದೆ ಎಷ್ಟು ಸಡಿಲವಾದರೂ ಪ್ರಯೋಜನವಿಲ್ಲ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗ ಪ್ರಕಟಿಸಿದ ವರದಿಯ ಪ್ರಕಾರ ಭಾರತದಲ್ಲಿ ಈ ಔಷಧಗಳ ಅಗತ್ಯದ ಕೇವಲ ಶೇ. 4ರಷ್ಟು ಪೂರೈಕೆಯಾಗುತ್ತಿತ್ತು. ಅದು ಕಾಯ್ದೆ ತಿದ್ದಿದ ಮೇಲಿನ ಮಾತು.

ಎಂಬಿಬಿಎಸ್ ಪಠ್ಯದಲ್ಲಿ 2019ರಿಂದ ನೋವಿನ ಚಿಕಿತ್ಸೆ ಮತ್ತು ಉಪಶಾಮಕ ಆರೈಕೆಯ ಪಾಠ ಸೇರಿದೆ. ಆ ವರ್ಷ ಸೇರಿದವರು ವೈದ್ಯರಾಗಿ ಹೊರಬಂದದ್ದು ಈಚೆಗಷ್ಟೇ. ಅದಕ್ಕಿಂತ ಮುಂಚೆ ಓದಿದ ಸಾವಿರಾರು ವೈದ್ಯರು ಇನ್ನೂ ಇಪ್ಪತ್ತು, ಮೂವತ್ತು ವರ್ಷ ನಮ್ಮನ್ನು ನೋಡುವವರಿದ್ದಾರೆ. ಅವರಿಗೆ ಇರುವ ದಾರಿ ಸೇವೆಯಲ್ಲಿದ್ದುಕೊಂಡೇ ಕಲಿಯುವುದು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಪ್ರತಿ ಐದು ವರ್ಷಕ್ಕೆ 30 ಗಂಟೆಗಳ ಮುಂದುವರಿದ ಶಿಕ್ಷಣ ಪಡೆಯಬೇಕೆಂದು ಹೇಳಿತು. ಅದರಲ್ಲಿ ಇಷ್ಟು ಗಂಟೆ ನೋವಿಗಾಗಿ ಎಂದು ಮಾತ್ರ ಹೇಳಲಿಲ್ಲ. ಹೃದಯದ ಹೊಸ ಯಂತ್ರ, ಸಕ್ಕರೆ ಕಾಯಿಲೆಯ ಹೊಸ ಗುಳಿಗೆ ಇವುಗಳ ನಡುವೆ ನೋವು ಹಿಂದೆ ಉಳಿಯುವುದು ಸಹಜ.

ದೂರದ ವೈದ್ಯನಿಗೆ ಕಲಿಸುವ ದಾರಿಯೂ ಈಗ ಸುಲಭವಾಗಿದೆ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಭಾರತ ಮೂಲದ ಡಾ. ಸಂಜೀವ್ ಅರೋರಾ 'ಎಕೋ' ಎಂಬ ಕ್ರಮ ಆರಂಭಿಸಿದರು. ಹಳ್ಳಿಯ ವೈದ್ಯರು ವಾರಕ್ಕೊಮ್ಮೆ ವಿಡಿಯೋದಲ್ಲಿ ತಜ್ಞರ ಜೊತೆ ಕೂತು, ತಮ್ಮ ರೋಗಿಯ ಸಮಸ್ಯೆಯನ್ನೇ ಮುಂದಿಟ್ಟು ಕಲಿಯುತ್ತಾರೆ. ನಮ್ಮ ನಿಮ್ಹಾನ್ಸ್ ಇದೇ ರೀತಿಯಲ್ಲಿ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟಿದೆ. ಪಾಲಿಯಂ ಇಂಡಿಯಾ ನೋವಿನ ಆರೈಕೆಗೆ ಬಳಸುತ್ತಿದೆ. 2018ರಿಂದ ಆಯುಷ್ಮಾನ್ ಭಾರತ ಆರೋಗ್ಯ ಕ್ಷೇಮ ಕೇಂದ್ರಗಳ 12 ಸೇವೆಗಳಲ್ಲಿ ವೃದ್ಧರ ಮತ್ತು ಉಪಶಾಮಕ ಆರೈಕೆಯೂ ಒಂದು. ಅಂದರೆ ಆಶಾ ಕಾರ್ಯಕರ್ತೆಗೂ, ಸಮುದಾಯ ಆರೋಗ್ಯ ಅಧಿಕಾರಿಗೂ ಈ ಪಾಠ ಕಲಿಸಬೇಕೆಂದು ಸರಕಾರವೇ ಒಪ್ಪಿದೆ.

ಏನನ್ನು ಕಲಿಯುತ್ತಾರೆ?

ಗುಳಿಗೆ ಕೊಡಲು ಇಷ್ಟು ಪಾಠ ಬೇಕೆ ಎಂದು ಕೆಲವರು ಕೇಳಬಹುದು. ಬೇಕು. ಮೊದಲನೆಯ ಪಾಠ ಕೇಳುವುದು. ನೋವು ಸೊನ್ನೆಯಿಂದ ಹತ್ತರವರೆಗೆ ಎಷ್ಟು? ಎಲ್ಲಿ? ಯಾವಾಗ ಹೆಚ್ಚು? ಉರಿಯುತ್ತದೆಯೇ, ಕರೆಂಟು ಹೊಡೆದಂತೆ ಆಗುತ್ತದೆಯೇ? ಸಕ್ಕರೆ ಕಾಯಿಲೆಯವರ ಪಾದದ ಉರಿಯಂಥ ನರದ ನೋವಿಗೆ ಬೇರೆಯೇ ಔಷಧಗಳಿವೆ. ಮೊಣಕಾಲಿನ ಸವೆತಕ್ಕೆ ವ್ಯಾಯಾಮ ಮುಖ್ಯ. ಪ್ರತಿ ನೋವಿಗೂ ಡೈಕ್ಲೊಫೆನಾಕ್ ಸೂಜಿ ಮಾಡಿಸಿಕೊಳ್ಳುತ್ತ ಹೋದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಔಷಧಿ ಅಂಗಡಿಯಲ್ಲಿ ತಾವೇ ಕೇಳಿ ತಿಂಗಳುಗಟ್ಟಲೆ ನುಂಗುವವರು ಇದನ್ನು ನೆನಪಿಡಬೇಕು.

ಎರಡನೆಯದು ಅಳತೆ. ಮಾರ್ಫಿನ್ ಗುಳಿಗೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಆದ್ದರಿಂದ ಸಣ್ಣ ಪ್ರಮಾಣದಿಂದ ಆರಂಭಿಸಿ, ಹೊತ್ತಿಗೆ ಸರಿಯಾಗಿ ಕೊಟ್ಟು, ನೋವು ನೋಡಿಕೊಂಡು ಏರಿಸಬೇಕು. ಮೊದಲ ಕೆಲವು ದಿನ ವಾಕರಿಕೆ, ತೂಕಡಿಕೆ ಇರಬಹುದು. ಮಲಬದ್ಧತೆ ಮಾತ್ರ ಇದ್ದೇ ಇರುತ್ತದೆ. ಅದಕ್ಕೆ ಜೊತೆಯಲ್ಲೇ ಔಷಧ ಬರೆಯಬೇಕು. ಮೂತ್ರಪಿಂಡ ಕೆಟ್ಟವರಿಗೆ ಪ್ರಮಾಣ ಬೇರೆ. ಹೆಚ್ಚಾದರೆ ಉಸಿರು ಕುಗ್ಗುವ ಲಕ್ಷಣವನ್ನು ಗುರುತಿಸಲು ತಿಳಿದಿರಬೇಕು. ಕಲಿಯದವನ ಕೈಯಲ್ಲಿ ಇದು ಅಪಾಯ, ಕಲಿತವನ ಕೈಯಲ್ಲಿ ರಹ್ಮತ್.

ಮೂರನೆಯ ಪಾಠವೆಂದರೆ, ಕಲಿತದ್ದು ಹಳೆಯದಾಗುತ್ತದೆ ಎಂಬ ಅರಿವು. ಹಸುಗೂಸುಗಳಿಗೆ ನೋವು ತಿಳಿಯುವುದಿಲ್ಲ ಎಂದು ನಂಬಿ, 1980ರ ದಶಕದವರೆಗೂ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಶಿಶುಗಳಿಗೆ ಸಾಕಷ್ಟು ಅರಿವಳಿಕೆ ಇಲ್ಲದೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಇಂದೋರಿನಲ್ಲಿ ವೈದ್ಯ ಓದಿ ಆಕ್ಸ್‌ಫರ್ಡಿಗೆ ಹೋದ ಡಾ. ಕನ್ವಲ್‌ಜೀತ್ ಆನಂದ್ 1987ರಲ್ಲಿ ಪ್ರಕಟಿಸಿದ ಅಧ್ಯಯನ, ನೋವು ಇಳಿಸಿದ ಶಿಶುಗಳೇ ಶಸ್ತ್ರಚಿಕಿತ್ಸೆಯನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ ಎಂದು ತೋರಿಸಿತು. ತಾಯಂದಿರಿಗೆ ಮೊದಲೇ ಗೊತ್ತಿದ್ದದ್ದನ್ನು ವೈದ್ಯರು ಆಗ ಕಲಿತರು. ನೋವಿನ ಅಂತಾರಾಷ್ಟ್ರೀಯ ಅಧ್ಯಯನ ಸಂಘ 2020ರಲ್ಲಿ ನೋವಿನ ವ್ಯಾಖ್ಯಾನವನ್ನು ಪರಿಷ್ಕರಿಸಿ, ಬಾಯಿ ಬಿಟ್ಟು ಹೇಳಲಾಗದ ಮಾತ್ರಕ್ಕೆ ನೋವಿಲ್ಲವೆಂದು ತಿಳಿಯಬಾರದು ಎಂದಿತು. ಪಾರ್ಶ್ವವಾಯು ಹೊಡೆದು ಮಾತು ನಿಂತ ಅಜ್ಜಿಯ ಮುಖ ನೋಡಿ ನೋವು ಓದುವುದೂ ಒಂದು ವಿದ್ಯೆ.

ಕಲಿಸುವವರು ಯಾರೆಂಬುದನ್ನೂ ನೋಡಬೇಕು. ಅಮೆರಿಕದಲ್ಲಿ ಪರ್ಡ್ಯೂ ಎಂಬ ಕಂಪನಿ 1996ರಲ್ಲಿ ಆಕ್ಸಿಕಾಂಟಿನ್ ಎಂಬ ನೋವಿನ ಗುಳಿಗೆಯನ್ನು ಮಾರುಕಟ್ಟೆಗೆ ತಂದು, ವೈದ್ಯರ ಸಭೆಗಳಿಗೆ ಹಣ ಸುರಿದು, ಚಟದ ಅಪಾಯ ಕಡಿಮೆ ಎಂದು ಹೇಳಿಸಿತು. ಬೆನ್ನುನೋವಿನಂಥ ಹಳೆಯ ನೋವಿಗೂ ಧಾರಾಳವಾಗಿ ಬರೆದುಕೊಡಲಾಯಿತು. ಕಂಪನಿಯ ಅಂಗಸಂಸ್ಥೆ 2007ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಬೆಂಕಿ ಹತ್ತಿಯಾಗಿತ್ತು. ಈ ಬಗೆಯ ಔಷಧ, ಮಾದಕಗಳಿಂದ ಆ ದೇಶದಲ್ಲಿ ಲಕ್ಷಾಂತರ ಜನ ಸತ್ತಿದ್ದಾರೆ. ಭಾರತದಲ್ಲಿ ಹೆದರಿಕೆ ಪಾಠವನ್ನು ಅಳಿಸಿತು, ಅಲ್ಲಿ ಲೋಭ ಸುಳ್ಳು ಪಾಠ ಕಲಿಸಿತು. ಎರಡೂ ಕಡೆ ನೊಂದವರು ರೋಗಿಗಳೇ. ಮಾರುವವನು ಗುರುವಾಗಬಾರದು, ಗುರುವಿಲ್ಲದೆಯೂ ಇರಬಾರದು.

ಸಬ್ರ್ ಮತ್ತು ಔಷಧ

ನಮ್ಮ ಮನೆಗಳಲ್ಲಿ ಇನ್ನೊಂದು ಅಡ್ಡಿಯಿದೆ. ನೋವಿನಿಂದ ಪಾಪ ಕಳೆಯುತ್ತದೆ, ಆದ್ದರಿಂದ ಸಹಿಸಿಕೊಳ್ಳಲಿ ಎನ್ನುತ್ತಾರೆ. ಅಫೀಮಿನ ಔಷಧ ಹರಾಮ್ ಅಲ್ಲವೇ ಎಂದೂ ಕೇಳುತ್ತಾರೆ. ವೈದ್ಯರು ಬರೆದುಕೊಟ್ಟರೂ ಗುಳಿಗೆ ತಲೆದಿಂಬಿನ ಕೆಳಗೆ ಉಳಿಯುವುದು ಹೀಗೆ.

ಮುಳ್ಳು ಚುಚ್ಚಿದರೂ ಅದು ಮೂಮಿನನ ಪಾಪಕ್ಕೆ ಪರಿಹಾರವಾಗುತ್ತದೆ ಎಂಬುದು ನಿಜ. ಔಷಧ ಮಾಡಿಕೊಳ್ಳಿರಿ, ಮುಪ್ಪಿನ ಹೊರತು ಪ್ರತಿ ರೋಗಕ್ಕೂ ಅಲ್ಲಾಹನು ಮದ್ದು ಇಟ್ಟಿದ್ದಾನೆ ಎಂದು ಕಲಿಸಿದವರೂ ಅದೇ ಪ್ರವಾದಿ(ಸ). ಮುಳ್ಳು ಚುಚ್ಚಿದವನು ಮುಳ್ಳನ್ನು ಕೀಳಬಾರದೆಂದು ಯಾರೂ ಹೇಳಲಿಲ್ಲ. ಪ್ರವಾದಿ ಅಯ್ಯೂಬ್(ಅ) ಸಬ್ರ್‌ಗೆ ಮಾದರಿ. ಅವರೇ ತಮ್ಮ ಸಂಕಟವನ್ನು ಅಲ್ಲಾಹನ ಮುಂದೆ ಹೇಳಿಕೊಂಡರು, ಅವನು ಅದನ್ನು ನೀಗಿಸಿದನು. ನೋವು ಹೇಳಿಕೊಳ್ಳುವುದು ಸಬ್ರ್‌ಗೆ ವಿರುದ್ಧವಲ್ಲ.

ಖುತ್ಬಾಗಳಲ್ಲಿ ನಾವು ಉರ್ವಾ ಇಬ್ನು ಝುಬೈರ್(ರ) ಅವರ ಕಥೆ ಹೇಳುತ್ತೇವೆ. ಕೊಳೆತ ಕಾಲನ್ನು ಕತ್ತರಿಸುವಾಗ ಅವರು ಮತ್ತು ಬರಿಸುವ ಪಾನೀಯ ಬೇಡವೆಂದರು, ಅಲ್ಲಾಹನ ಸ್ಮರಣೆಯಲ್ಲಿ ಮುಳುಗಿ ಅದನ್ನು ಸಹಿಸಿದರು. ಅದು ದೊಡ್ಡ ಆದರ್ಶ. ಆದರೆ ಆ ಪಾನೀಯವನ್ನು ಅವರ ಮುಂದೆ ತಂದಿಡಲಾಗಿತ್ತು. ಬೇಡವೆಂದವರು ಸ್ವತಃ ಅವರು. ಇನ್ನೊಬ್ಬರ ಕಾಲಿನ ಬಗ್ಗೆ ಅವರು ಹಾಗೆ ನಿರ್ಧರಿಸಲಿಲ್ಲ. ನಮ್ಮ ತಂದೆಯ ಪರವಾಗಿ ನಾವು ಸಬ್ರ್ ಮಾಡಲು ಬರುವುದಿಲ್ಲ. ನಮ್ಮ ಪಾಲಿಗೆ ಬಂದಿರುವುದು ಖಿದ್ಮತ್. ಅಗತ್ಯದ ಹೊತ್ತಿನಲ್ಲಿ, ಅಂಗ ಕತ್ತರಿಸುವಂಥ ಸಂದರ್ಭದಲ್ಲಿ, ಮರಗಟ್ಟಿಸುವ ಔಷಧ ಕೊಡಬಹುದೆಂದು ಫಿಕ್ಹ್ ವಿದ್ವಾಂಸರು ಶತಮಾನಗಳ ಹಿಂದೆಯೇ ಚರ್ಚಿಸಿ ಒಪ್ಪಿದ್ದಾರೆ. ನಶೆಗಾಗಿ ತಿನ್ನುವುದು ಬೇರೆ, ವೈದ್ಯರ ಅಳತೆಯಲ್ಲಿ ನೋವಿಗಾಗಿ ಕೊಡುವುದು ಬೇರೆ. ನೋವು ಇಳಿದರೆ ರೋಗಿ ನಾಲ್ಕು ಮಾತಾಡುತ್ತಾನೆ, ಕೊಡುಕೊಳ್ಳುವುದನ್ನು ಹೇಳುತ್ತಾನೆ, ಮಾಫಿ ಕೇಳುತ್ತಾನೆ, ಮಲಗಿದಲ್ಲಿಯೇ ನಮಾಝ್ ಮಾಡುತ್ತಾನೆ. ಕಿರುಚುತ್ತಿರುವವನಿಗೆ ಇದೆಲ್ಲ ಎಲ್ಲಿ ಸಾಧ್ಯ?

ನಾವು ಮಾಡಬಹುದಾದದ್ದು

ಮನೆಯಲ್ಲಿ ಇಂಥ ರೋಗಿ ಇದ್ದರೆ ದವಾಖಾನೆಯಿಂದ ಹೊರಡುವ ಮೊದಲು ಮೂರು ಪ್ರಶ್ನೆ ಕೇಳಿರಿ. ನೋವಿಗೆ ಏನು ಕೊಡುತ್ತೀರಿ? ಅದು ಸಾಲದಿದ್ದರೆ ಯಾರ ಬಳಿ ಹೋಗಬೇಕು? ನೋವಿನ ಆರೈಕೆಯಲ್ಲಿ ತರಬೇತಿ ಪಡೆದವರು ನಮ್ಮ ತಾಲೂಕಿನಲ್ಲಿ ಅಥವಾ ಜಿಲ್ಲೆಯಲ್ಲಿ ಯಾರಿದ್ದಾರೆ? ಹೀಗೆ ಕೇಳುವುದು ವೈದ್ಯರ ಮೇಲಿನ ಅವಿಶ್ವಾಸವಲ್ಲ. ಮಾರ್ಫಿನ್ ಕೊಟ್ಟರೆ ಹೇಳಿದ ಹೊತ್ತಿಗೆ, ಹೇಳಿದಷ್ಟೇ ಕೊಡಿರಿ. ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿಡಿ. ಉಳಿದ ಗುಳಿಗೆಗಳನ್ನು ಕೊಟ್ಟಲ್ಲಿಗೇ ಹಿಂತಿರುಗಿಸಿರಿ, ಇನ್ನೊಬ್ಬ ರೋಗಿಗೆ ಹಂಚಬೇಡಿರಿ.

ಜಮಾಅತಿನ ಮುತವಲ್ಲಿಗಳು, ಹಿರಿಯರು ಊರಿನ ಎಲ್ಲ ಸಮುದಾಯದವರ ಜೊತೆ ಸೇರಿ, ತಾಲೂಕು ದವಾಖಾನೆಯ ಒಬ್ಬ ವೈದ್ಯರನ್ನೂ ಒಬ್ಬ ನರ್ಸನ್ನೂ ಈ ತರಬೇತಿಗೆ ಕಳಿಸಬೇಕೆಂದು ತಾಲೂಕು ಆರೋಗ್ಯಾಧಿಕಾರಿಗೆ ಮನವಿ ಕೊಡಬಹುದು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಇಬ್ನು ಮುಆಝ್(ರ) ಅವರ ಆರೈಕೆಗೆ ರುಫೈದಾ(ರ) ಅವರ ಡೇರೆ ಹಾಕಿಸಿದ್ದು ಮಸ್ಜಿದುನ್ನಬವಿಯಲ್ಲಿಯೇ. ನಮ್ಮ ಹೆಣ್ಣುಮಕ್ಕಳು ಇಂದು ನರ್ಸಿಂಗ್ ಓದುತ್ತಿದ್ದಾರೆ, ಗಂಡುಮಕ್ಕಳು ಫಾರ್ಮಸಿ ಓದುತ್ತಿದ್ದಾರೆ. ಅವರು ನೋವಿನ ಆರೈಕೆಯ ಒಂದು ಕೋರ್ಸ್ ಮಾಡಿಕೊಂಡರೆ, ಅದರ ಶುಲ್ಕವನ್ನು ಜಮಾಅತ್ ಕೊಟ್ಟರೆ, ಅದು ಸದಕಾ ಜಾರಿಯಾ ಆದೀತು ಎಂದು ಆಶಿಸೋಣ. 16 ಗಂಟೆ ಕಲಿತು ರೋಗಿಯ ಮನೆಗೆ ಹೋಗುವ ಹತ್ತು ಯುವಕರು ಮಲಪ್ಪುರಂನಲ್ಲಿ ಸಿಕ್ಕರೆ ದೊಡವಾಡದಲ್ಲೂ ಸಿಗುತ್ತಾರೆ.

ಬಗ್ದಾದಿನಲ್ಲಿ ಹೆಸರೂ ಉಳಿಯದ ಒಬ್ಬ ಸಾಮಾನ್ಯನ ಸಾವಿನ ಸುದ್ದಿ ಖಲೀಫರ ತನಕ ಮುಟ್ಟಿದ್ದರಿಂದ ವೈದ್ಯರೆಲ್ಲ ಪರೀಕ್ಷೆಗೆ ಕೂರಬೇಕಾಯಿತು. ನಮ್ಮ ಮೊಹಲ್ಲಾದ ನರಳಾಟವನ್ನು ಬೈಲಹೊಂಗಲದ ತನಕ ಮುಟ್ಟಿಸುವ ಕೆಲಸ ನಮ್ಮದು. ಈ ತಿಂಗಳೇ ಒಂದು ಮನವಿ ಬರೆಯೋಣ.